ಗಟ್ಟಿ ಹಿಡಿ, ಇನ್ನೂ ಗಟ್ಟಿ

ಆರಾಮ ಇದ್ದ ಹುಡುಗರ ಕೈ ಯಾಕ ಅಳೀತಿದ್ರಿ ಅಂತ ಜನ ನನ್ನನ್ನ ಇವತ್ತಿಗೂ ಕೇಳತಾರ. ಜಡ್ಡು ಬಿದ್ದವರನ್ನ ನೋಡಿದ್ರ ಅದೊಂದು ಕೆಲಸ, ಕುಣಕೋತ ಜಿಗಕೋತ ಸಾಲಿಗೆ ಬರೋ ಹುಡುಗರ ಕೈಯಾಗ ಮಷಿನ್ ಕೊಟ್ಟು ಹಿಂಡು ಅನ್ನೋದರಾಗ ಏನೈತಿ ಅಂತ ನಮ್ಮ ಮನಿಯವರೂ ಮೊದಮೊದಲು ನಗತಿದ್ರು. ಸಂಜಿಗೆ ನಾ ಬಾಗಿಲ ದಾಟೂದಕ್ಕ ಇಲ್ಲ, ಇವತ್ತು ಎಷ್ಟು ಮಂದೀನ ಹಿಂಡಿ ಬಂದಿ ಅಂತ ಕೇಳೋರು. ನಾನೂ ಸಿಟ್ಟಿನ ಹೆಂಗಸು. ನಿಮ್ಮನ್ನೊಬ್ಬರನ್ನ ಬಿಟ್ಟು ಎಲ್ಲಾರನ್ನೂ ಹಿಂಡೀನಿ ಅಂತಿದ್ದೆ.

ಈಗ ನಿವೃತ್ತಿ ಆಗೇತಿ. ನಾ ಮಾಡತಿದ್ದ ಕೆಲಸಕ್ಕ ಹೊಸದಾಗಿ ಸೇರಿದ ಇಬ್ಬರು ಹುಡುಗ್ಯಾರು ಹೋದ ತಿಂಗಳು ಮನಿಗೆ ಬಂದು, ಹೆಂಗ ಮಾಡಬೇಕು ಹೇಳಿಕೊಡ್ರಿ ಅಕ್ಕಾರ ಅಂದ್ರು. ಹೆಂಗ ಮಾಡಬೇಕು ಅನ್ನೋದು ಪುಸ್ತಕದಾಗ ಐತಿ, ಓದಿಕೋರಿ ಅಂದೆ. ನನ್ನ ಕಡೆ ಇರೋದು ಹೆಂಗ ಮಾಡಬಾರದು ಅನ್ನೋದು. ಅದರಾಗೂ ಹುಲಿಗೆಮ್ಮ ಅಂತ ಒಂದು ಹುಡುಗಿಗೆ ನನ್ನ ಕೈಯಿಂದ ಒಂದು ಅನ್ಯಾಯ ಆಗಿತ್ತು. ಗಟ್ಟಿಮುಟ್ಟಾದ ಹುಡುಗೀನ ನಿಶ್ಶಕ್ತಿ ಹುಡುಗಿ ಅಂತ ಇಡೀ ಸಾಲಿ ಮುಂದ ಮಾಡಿಟ್ಟಿದ್ದೆ. ಅದನ್ನ ಹೇಳಾಕಂತನ ಬರಿಯಾಕ ಕುಂತೀನಿ. ಆದ್ರ ನನ್ನ ಮಾತು ಯಾವತ್ತೂ ನೆಟ್ಟಗಿನ ದಾರಿ ಹಿಡಿಯೂದಿಲ್ಲ, ಸ್ವಲ್ಪ ಸುತ್ತಿ ಬರತೈತಿ, ಸಹಿಸಿಕೋಬೇಕು.

ನನ್ನ ಹೆಸರು ನೀಲಮ್ಮ. ನಮ್ಮಪ್ಪ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಾಗ ಹಮಾಲಿ ಮಾಡತಿದ್ದ. ಚೀಲ ಎತ್ತಿ ಎತ್ತಿ ಅವನ ಬೆರಳು ಪೂರ್ತಿ ನೆಟ್ಟಗ ಆಗತಿರಲಿಲ್ಲ. ಅವ್ವ ಗದ್ದಿ ಕೆಲಸಕ್ಕ ಹೋದಾಗ ಅಪ್ಪನ ನನ್ನ ತಲಿ ಬಾಚತಿದ್ದ, ಮಡಚಿದ ಬೆರಳು ಕೂದಲದಾಗ ಸಿಕ್ಕೊಂಡು ನಾನು ಅಳತಿದ್ದೆ, ಅವ ನಗತಿದ್ದ. ಮುಂದ ನಾನು ಕೊಪ್ಪಳದಾಗ ಒಂದು ದವಾಖಾನಿಗೆ ಫಿಜಿಯೋಥೆರಪಿ ಸಹಾಯಕಿ ಆಗಿ ಸೇರಿದೆ. ಕೈ ಮುರದವರಿಗೆ, ಲಕ್ವಾ ಹೊಡದವರಿಗೆ ವ್ಯಾಯಾಮ ಮಾಡಸೋ ಕೆಲಸ.

ಅಲ್ಲಿಗೆ ಮೈಸೂರು ಕಡೆಯಿಂದ ಒಬ್ಬ ಡಾಕ್ಟರ್ ಮೇಡಂ ಬಂದ್ರು. ಅವರ ಹೆಸರು ಬರಿಯೂದಿಲ್ಲ, ಬರದ್ರ ಅವರಿಗೆ ಸೇರೂದಿಲ್ಲ. ಮಾತು ಕಡಿಮಿ, ನೋಟ ಜಾಸ್ತಿ. ನಾನು ಹತ್ತು ಮಾತಾಡಿದ್ರ ಅವರು ಒಂದು ಆಡೋರು, ಆ ಒಂದ ಮಾತು ನನ್ನ ಹತ್ತನ್ನೂ ಹೊಡದು ಹಾಕತಿತ್ತು. ಒಂದು ದಿನ ಯಲಬುರ್ಗಾದ ಒಬ್ಬ ಹುಡುಗ ಪ್ಲಾಸ್ಟರ್ ತಗಿಸಿಕೊಂಡು ಬಂದ. ಹಿಡಿತ ಅಳಿಯೋ ಮಷಿನ್ ಹಿಂಡಿಸಿ ನೋಡಿದ್ವಿ, ಹನ್ನೆರಡು ಕಿಲೋ ಬಂತು. ಛಲೋ ಐತೇನ್ರಿ ಅಂತ ಅವರವ್ವ ಕೇಳಿದ್ಲು. ಮೇಡಂ ಒಂದು ಪಟ್ಟಿ ತಗದು ನೋಡಿ ಹಂಗ ಮಡಚಿಟ್ರು. ಯಾಕಂದ್ರ ಅವರ ಕಡೆ ಇದ್ದದ್ದು ಹೊರದೇಶದ ಮಕ್ಕಳ ಪಟ್ಟಿ. ಅದನ್ನ ಹಿಡದು ನೋಡಿದ್ರ ನಮ್ಮ ಕಡೆ ಅರ್ಧಕ್ಕರ್ಧ ಮಕ್ಕಳು ಜಡ್ಡಿನವರ ಲೆಕ್ಕಕ್ಕ ಹೋಗಬೇಕು. ಇಲ್ಲಿ ಹುಟ್ಟಿ ಬೆಳದ, ಯಾವ ಜಡ್ಡೂ ಇಲ್ಲದ ಹುಡುಗನ ಕೈಯಾಗ ಎಷ್ಟು ಹಿಡಿತ ಇರತೈತಿ ಅನ್ನೋದು ಗೊತ್ತಿಲ್ಲದ, ಕೈ ಮುರದವ ಸುಧಾರಿಸ್ಯಾನೋ ಇಲ್ಲೋ ಹೆಂಗ ಹೇಳೋದು? ಅಲ್ಲಿಂದ ಶುರು ಆತು ನಮ್ಮ ತಿರುಗಾಟ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ಸಾಲಿಗೆ ಹೋಗಿ, ಒಂದನೇತ್ತೆಯವರಿಂದ ಹಿಡದು ಹತ್ತನೇತ್ತೆಯವರ ತನಕ ಆರಾಮ ಇದ್ದ ಮಕ್ಕಳ ಕೈ ಅಳಿಯೋದು.

ಮಷಿನ್ ಅಂದ್ರ ಅಂಥಾ ದೊಡ್ಡದಲ್ಲ. ಕಬ್ಬಿಣದ ಒಂದು ಚೌಕಟ್ಟು, ನಡುವ ಹಿಡಿಕಿ, ಒಳಗ ಸ್ಪ್ರಿಂಗು, ಮ್ಯಾಲ ಗಡಿಯಾರಕ್ಕ ಇದ್ದಂಗ ಒಂದು ಮುಳ್ಳು. ಹಿಡಿಕಿ ಹಿಂಡಿದ್ರ ಮುಳ್ಳು ತಿರಗಿ ಇಷ್ಟು ಕಿಲೋ ಅಂತ ತೋರಸತಿತ್ತು, ಕೈ ಬಿಟ್ಟರೂ ನಾವು ಹೊಳ್ಳಿಸೋ ತನಕ ಅಲ್ಲೆ ನಿಂದರತಿತ್ತು. ಡೈನಮೋಮೀಟರ್ ಅಂತ ಅದರ ಹೆಸರು. ಹುಡುಗರ ಬಾಯಾಗ ಅದು ಹಿಂಡೋ ಮಷಿನ್ ಆತು, ನಾನು ಹಿಂಡೋ ಅಕ್ಕಾರು ಆದೆ.

ಕುರ್ಚಿ ಮ್ಯಾಲ ನೆಟ್ಟಗ ಕುಂದರಬೇಕು, ಪಾದ ನೆಲಕ್ಕ ಹತ್ತಿರಬೇಕು, ಮೊಣಕೈ ಮಡಚಿ ಮೈಗೆ ಹಚ್ಚಿರಬೇಕು. ಬಲಗೈ ಮೂರು ಸಲ, ಎಡಗೈ ಮೂರು ಸಲ, ನಡುವ ದಮ್ಮು ತಗೊಳ್ಳಾಕ ಬಿಡಬೇಕು. ಎಲ್ಲಾರಿಗೂ ಒಂದ ಮಾತು, ಒಂದ ದನಿ. ಒಬ್ಬನಿಗೆ ಹುರುಪಿನಿಂದ ಹೇಳಿ ಇನ್ನೊಬ್ಬನಿಗೆ ಸಪ್ಪಗ ಹೇಳಿದ್ರ ಲೆಕ್ಕ ಕೆಡತೈತಿ ಅಂತ ಮೇಡಂ ನನ್ನ ಕೈಲೆ ನೂರು ಸಲ ಹೇಳಿಸಿ ನೋಡಿದ್ರು. ಹಿಡಿ. ಗಟ್ಟಿ ಹಿಡಿ. ಇನ್ನೂ ಗಟ್ಟಿ. ಬಿಡು. ಇಷ್ಟ. ಎಷ್ಟು ಸಾವಿರ ಸಲ ಹೇಳೀನೋ ಆ ದೇವರಿಗೇ ಗೊತ್ತು. ನಿದ್ದಿಗಣ್ಣಾಗೂ ಅಂತಿದ್ದೆನಂತ, ಮನಿಯವರು ಹೇಳತಾರ.

ಮೊದಲನೇ ದಿನ ಯಲಬುರ್ಗಾ ಕಡೆ ಒಂದು ಸಾಲಿಗೆ ಹೋದ್ವಿ. ಅಲ್ಲಿ ಇದ್ದದ್ದು ಒಂದ ಕುರ್ಚಿ, ಹೆಡ್ ಮಾಸ್ತರದು. ಅದರ ಮ್ಯಾಲ ಕುಂದ್ರು ಅಂದ್ರ ಒಬ್ಬ ಹುಡುಗನೂ ಕುಂದರವಲ್ಲ. ಒಬ್ಬ ಅಂಚಿಗೆ ಆಸರ ಆದಂಗ ಮಾಡಿ ನಿಂತುಬಿಟ್ಟ. ಇನ್ನೊಬ್ಬನ ರಟ್ಟಿ ಹಿಡದು ಕುಂದರಿಸಿದೆ, ಇಡೀ ಕ್ಲಾಸು ಹೋ ಅಂತ ನಕ್ತು, ಅವ ಅಳಾಕ ಶುರು ಮಾಡಿದ. ಸಣ್ಣವರಿಗೆ ಕಾಲೂ ನೆಲಕ್ಕ ಹತ್ತವಲ್ವು. ಅವತ್ತು ಅಳದದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು. ಮರುದಿನ ನಮ್ಮ ಜೀಪಿನ ಡ್ರೈವರ್ ಖಾಜಾಸಾಬ ಎಲ್ಲಿಂದಲೋ ಒಂದು ಮರದ ಸ್ಟೂಲು, ನಾಲ್ಕು ಇಟ್ಟಂಗಿ ತಂದು ಜೀಪಿಗೆ ಹಾಕಿದ. ಕಾಲು ಹತ್ತದವರಿಗೆ ಇಟ್ಟಂಗಿ. ಆ ಸ್ಟೂಲು ನಾ ನಿವೃತ್ತಿ ಆಗೋ ತನಕ ನಮ್ಮ ಜೋಡಿ ತಿರಗೇತಿ.

ಯಾವ ಕೈ ಮುಂದು ಅನ್ನೋದು ಇನ್ನೊಂದು ತಕರಾರು. ಬಲಗೈಯವರು ಎಷ್ಟು, ಎಡಗೈಯವರು ಎಷ್ಟು ಅಂತ ಬರೀಬೇಕಿತ್ತು. ಕೇಳಿದ್ರ ಎಲ್ಲಾರೂ ಬಲಗೈ ಎತ್ತೋರು. ಎಡಗೈಲೆ ಉಂಡ್ರ, ಎಡಗೈಲೆ ಕೊಟ್ರ ಮನ್ಯಾಗ ಬೆನ್ನ ಮ್ಯಾಲ ಬೀಳತೈತಿ, ಖರೇ ಯಾರು ಹೇಳತಾರ? ಅದಕ್ಕ ನಾನು ಕಿಸೆದಾಗ ಶೇಂಗಾ ಇಟಗೊಂಡು, ಹೆಸರು ಕೇಳಕೋತ ಕೇಳಕೋತ ಒಂದು ಕಾಯಿ ಒಗದುಬಿಡತಿದ್ದೆ. ಯಾವ ಕೈ ಮುಂದ ಬಂದು ಹಿಡೀತೋ ಅದು ಅವನ ಕೈ. ಮೇಡಂ ಅದನ್ನ ನೋಡಿ ತಮ್ಮ ನೋಟ್‌ಬುಕ್ಕಿನಾಗ ಬರಕೊಂಡ್ರು. ಅವರು ನನ್ನನ್ನ ಹೊಗಳಿದ್ದು ಅಂದ್ರ ಅಷ್ಟ. ಶೇಂಗಾದಾಗ ಅರ್ಧ ಮಾತ್ರ ಖಾಜಾಸಾಬನ ಹೊಟ್ಟಿಗೆ ಹೋಗತಿದ್ವು.

ಗಂಗಾವತಿ ಕಡೆ, ನವಲಿ ಕಡೆ ಹೋದಾಗ, ಆಂಧ್ರದಿಂದ ಗದ್ದಿ ಮಾಡಾಕ ಬಂದು ನೆಲಿ ನಿಂತವರ ಕ್ಯಾಂಪಿನ ಮಕ್ಕಳು ಸಿಗತಿದ್ರು, ಮನ್ಯಾಗ ತೆಲುಗು ಮಾತಾಡೋರು. ಗಟ್ಟಿ ಹಿಡಿ ಅಂದ್ರ ಸಣ್ಣವು ಪಿಳಿಪಿಳಿ ನೋಡತಿದ್ವು. ನಾನು ಮಿಲ್ಲಿನ ಓಣ್ಯಾಗ ಬೆಳದಕಿ, ಗಟ್ಟಿಗಾ ಪಟ್ಟುಕೋ ಅಂದೆ. ಮುಳ್ಳು ಸರ್ರ್ ಅಂತ ಏರಿತು. ಮೇಡಂಗ ಅನುಮಾನ ಬಂತು, ತೆಲುಗಿನ ಮಾತು ಉದ್ದ ಆಗಿ ಆ ಮಕ್ಕಳಿಗೆ ಹೆಚ್ಚು ಹೊತ್ತು ಸಿಕ್ಕರ ಹೆಂಗ ಅಂತ. ಜೀಪಿನಾಗ ಗಡಿಯಾರ ಹಿಡಕೊಂಡು ನನ್ನ ಕೈಲೆ ಕನ್ನಡದಾಗ ಒಮ್ಮೆ, ತೆಲುಗಿನಾಗ ಒಮ್ಮೆ ಹೇಳಿಸಿಕೋತ ಗಂಗಾವತಿಯಿಂದ ಕೊಪ್ಪಳದ ತನಕ ಬಂದ್ರು. ಖಾಜಾಸಾಬ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಕೊಂಡು ನಗು ತಡಕೊಳ್ಳಾಕತ್ತಿದ್ದ.

ಹುಡುಗ್ಯಾರದು ಬ್ಯಾರೆ ಕತಿ. ಹುಡುಗರ ಮುಂದ ಅವರು ಹಿಂಡತಿರಲಿಲ್ಲ, ಸುಮ್ಮನ ಮುಟ್ಟಿ ಬಿಡತಿದ್ರು. ಹುಡುಗರನ್ನ ಬಯಲಿಗೆ ಕಳಿಸಿ ಬಾಗಿಲ ಮುಂದ ಮಾಡಿದ ಮ್ಯಾಲ ಅದ ಹುಡುಗ್ಯಾರ ಮುಳ್ಳು ಏರತಿತ್ತು. ಒಂಬತ್ತನೇತ್ತೆಯ ಒಬ್ಬಾಕಿ ತನ್ನ ಕ್ಲಾಸಿನ ಎಲ್ಲಾ ಹುಡುಗರಿಗಿಂತ ಜಾಸ್ತಿ ಹಿಂಡಿ, ಗಾಬರಿಯಾಗಿ, ಕಡಿಮಿ ಬರಕೋರಿ ಅಕ್ಕಾರ ಅಂತ ನನ್ನ ಸೆರಗು ಹಿಡಕೊಂಡ್ಲು. ಬಂದದ್ದ ಬರೀತೀನಿ, ಒಂದು ಹೆಚ್ಚಿಲ್ಲ ಒಂದು ಕಡಿಮಿ ಇಲ್ಲ ಅಂತ ದೊಡ್ಡ ಧಿಮಾಕಿನಿಂದ ಹೇಳಿದ್ದೆ. ಆ ಧಿಮಾಕು ಮುಂದ ಎಲ್ಲಿಗೆ ಹೋತು ಅಂತ ಈಗ ಹೇಳತೀನಿ.

ಮೇಡಂ ಒಂದು ಕಟ್ಟಳಿ ಹಾಕಿದ್ರು. ಪ್ರತಿ ಸೋಮವಾರ ಮಷಿನ್ನ ಕೊಕ್ಕಿಗೆ ತೂಗಬಿಟ್ಟು, ಅದರ ಹಿಡಿಕಿಗೆ ಹತ್ತು ಕಿಲೋದ ತೂಕದ ಕಲ್ಲು ಕಟ್ಟಿ ನೋಡಬೇಕು. ಮುಳ್ಳು ಹತ್ತಕ್ಕ ನಿಂತ್ರ ಮಷಿನ್ ಸರಿ ಐತಿ ಅಂತ ವಹಿಯಾಗ ಬರದು ಸಹಿ ಮಾಡಬೇಕು. ಆ ಕೆಲಸ ನಂದು.

ಆ ವರ್ಷ ಮಹಾನವಮಿಗೆ ಖಾಜಾಸಾಬ ಜೀಪಿಗೆ ಚೆಂಡುಹೂವಿನ ಮಾಲಿ ತಂದಿದ್ದ. ಜೀಪಿನ ಪೂಜಿ ಆತು. ನಮಗ ಅನ್ನ ಕೊಡೋ ಮಷಿನ್ನ ಹಂಗ ಬಿಡೋದು ಹೆಂಗ? ಆಯುಧ ಪೂಜಿ ದಿನ ನಮ್ಮಪ್ಪ ಚೀಲ ಎತ್ತೋ ಕೊಕ್ಕಿ ತೊಳದು ಕುಂಕುಮ ಹಚ್ಚತಿದ್ದದ್ದು ನನಗ ನೆನಪ ಐತಿ. ನಾನೂ ಮಷಿನ್ನ ಮಣಿ ಮ್ಯಾಲ ಇಟ್ಟು, ಅರಿಷಿಣ ಕುಂಕುಮ ನೀರಾಗ ಗಟ್ಟಿಯಾಗಿ ಕಲಸಿ, ಮುಖಕ್ಕ ಹಚ್ಚಿದೆ, ಹಿಡಿಕಿಗೆ ಹಚ್ಚಿದೆ, ಎರಡೂ ಕಡೆ ಸಂದಿಗೆ ಹಚ್ಚಿದೆ. ಮ್ಯಾಲ ವಿಭೂತಿ ಎಳದೆ, ಹೂವು ಏರಿಸಿದೆ, ಊದಿನಕಡ್ಡಿ ಬೆಳಗಿದೆ. ರಜಾ ಮುಗಿಯೋ ತನಕ ಅದು ಹಂಗ ಹೂವಿನಾಗ ಕುಂತಿತ್ತು. ಭಾಳ ಚಂದ ಕಾಣತಿತ್ತು, ಸುಳ್ಳ್ಯಾಕ ಹೇಳಲಿ.

ಸಾಲಿ ಶುರುವಾದ ಸೋಮವಾರ ಕಲ್ಲು ಕಟ್ಟಿ ನೋಡೋ ದಿನ. ಪೂಜಿ ಮಾಡಿದ ಸಾಮಾನಿಗೆ ಹಗ್ಗ ಹಾಕಿ ಕೊಕ್ಕಿಗೆ ಏರಸಾಕ ನನ್ನ ಮನಸ್ಸು ಒಪ್ಪಲಿಲ್ಲ. ರಜಾದಾಗ ಯಾರೂ ಮುಟ್ಟಿಲ್ಲ, ಕೆಡೂದಾದ್ರೂ ಹೆಂಗ ಕೆಡತೈತಿ ಅಂದುಕೊಂಡೆ. ಮ್ಯಾಲಿನ ಕುಂಕುಮ ಒಂದು ಅರಿವಿಲೆ ಒರಿಸಿದೆ. ವಹಿ ತಗದು, ಹತ್ತಕ್ಕ ಹತ್ತು, ಸರಿ ಐತಿ, ಅಂತ ಬರದು ನೀಲಮ್ಮ ಅಂತ ಸಹಿ ಮಾಡಿದೆ. ಕುಂಕುಮ ಹಚ್ಚಿದ್ದು ತಪ್ಪು ಅಂತ ನಾ ಇವತ್ತಿಗೂ ಅನ್ನೂದಿಲ್ಲ. ನೋಡದ ಬರದೆನಲ್ಲ, ಅದು ತಪ್ಪು.

ಆ ವಾರ ಮೇಡಂ ದವಾಖಾನಿಯಾಗ ಉಳದಿದ್ರು; ಮರುದಿನ ಮಂಗಳವಾರ ನಾನೂ ಖಾಜಾಸಾಬನೂ ಇಬ್ಬರ ಕುಷ್ಟಗಿ ಕಡೆಯ ಒಂದು ಊರಿನ ಸಾಲಿಗೆ ಹೋದ್ವಿ. ಅಲ್ಲಿ ರಜಾಕ್ಕ ಮೊದಲ ಅರ್ಧ ಮಕ್ಕಳನ್ನ ಅಳದು ಬಂದಿದ್ವಿ, ಉಳದವರನ್ನ ಈಗ ಅಳೀಬೇಕಿತ್ತು. ಎಂಟನೇತ್ತೆಯ ಹುಲಿಗೆಮ್ಮ ಉಳದವರಾಗ ಇದ್ಲು, ಮೊದಲ ಹೋದ ದಿನ ಆಕಿ ಅಜ್ಜಿ ಜೋಡಿ ಹುಲಿಗಿಗೆ ದೇವಿ ದರ್ಶನಕ್ಕ ಹೋಗಿದ್ಲಂತ. ತೆಳ್ಳಗ, ಕಪ್ಪಗ, ಮೊಣಕಾಲ ಮ್ಯಾಲೆಲ್ಲಾ ಕೆತ್ತಿದ ಗಾಯ. ಸಾಲಿಯ ಕಬಡ್ಡಿ ತಂಡದಾಗ ಇದ್ದಾಕಿ, ಮುಂದಿನ ಸೋಮವಾರ ಆ ತಂಡ ಆಡಾಕ ಕೊಪ್ಪಳಕ್ಕ ಹೋಗೂದಿತ್ತು. ಆಕಿ ಇನ್ನೂ ಕೊಪ್ಪಳ ನೋಡಿರಲಿಲ್ಲ. ಅದನ್ನ ನನಗ ಸಾಲಿನಾಗ ನಿಂತಾಗ ತಾನಾಗಿ ಹೇಳಿದ್ಲು.

ಆಗ ನನಗೊಂದು ಕೆಟ್ಟ ಚಾಳಿ ಇತ್ತು. ಬಂದ ಕಿಲೋನ ಗಟ್ಟಿಯಾಗಿ ಒದರಿ ಹೇಳಿ ಬರಕೋತಿದ್ದೆ. ಆ ಸಾಲಿಯ ಪಿಟಿ ಮಾಸ್ತರು ಬಾಗಿಲದಾಗ ನಿಂತು ತಮ್ಮ ಕಬಡ್ಡಿ ಹುಡುಗ್ಯಾರದಷ್ಟು ತಾವೂ ಒಂದು ಚೀಟಿಯಾಗ ಬರಕೋತಿದ್ರು. ರಜಾಕ್ಕ ಮೊದಲ ಅಳದ ಆರು ಮಂದಿ ಹದಿನೇಳು, ಹದಿನೆಂಟು, ಇಪ್ಪತ್ತು ಹಿಂಗ ಹಿಂಡಿದ್ರು. ಹುಲಿಗೆಮ್ಮ ಸ್ಟೂಲಿನ ಮ್ಯಾಲ ಕುಂತ್ಲು. ಹಿಡಿ, ಗಟ್ಟಿ ಹಿಡಿ, ಇನ್ನೂ ಗಟ್ಟಿ, ಬಿಡು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಹಿಂಡಿದ್ಲು. ಹನ್ನೊಂದು ಅಂದೆ. ಮತ್ತೊಮ್ಮೆ ಹಿಂಡಿದ್ಲು, ಹತ್ತು. ಮೂರನೇದು ಹನ್ನೊಂದು.

ಮಾಸ್ತರ ಮಾರಿ ಸಣ್ಣದಾತು. ಅಷ್ಟಕ್ಕ ಸುಮ್ಮನಿದ್ದಿದ್ರ ಆಗತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಏನವಾ, ಮನ್ಯಾಗ ರೊಟ್ಟಿ ತಿನ್ನತೀಯೋ ಬರೇ ವಾಸನಿ ನೋಡಿ ಬರತೀಯೋ ಅಂದುಬಿಟ್ಟೆ. ಕ್ಲಾಸೆಲ್ಲಾ ನಕ್ತು. ಹುಲಿಗೆಮ್ಮ ನಗಲಿಲ್ಲ, ಅಳಲೂ ಇಲ್ಲ. ತನ್ನ ಅಂಗೈ ತಿರಗಿಸಿ ನೋಡಿಕೊಂಡ್ಲು, ಲಂಗಕ್ಕ ಒರಿಸಿಕೊಂಡು ಎದ್ದು ಹೋದ್ಲು. ಅವತ್ತು ಆಕಿ ಒಬ್ಬಾಕಿದ ಅಲ್ಲ, ಎಲ್ಲಾರದೂ ಕಡಿಮಿ ಬಂದಿತ್ತು. ರಜಾದಾಗ ಕುಂತು ಉಂಡು ಮಕ್ಕಳು ಮೆತ್ತಗಾಗ್ಯಾವ ಅಂತ ಖಾಜಾಸಾಬಗ ಹೇಳಿ ನಕ್ಕೆ.

ಶುಕ್ರವಾರ ಕಿನ್ನಾಳಕ್ಕ ಹೋದ್ವಿ, ಗೊಂಬಿ ಮಾಡೋ ಊರು. ಅಲ್ಲೂ ಎಲ್ಲಾರದೂ ಕಡಿಮಿ. ನನ್ನ ತಲಿ ಭಾಳ ಶಾಣ್ಯಾ ತಲಿ, ಕುಂಚ ಹಿಡಿಯೋ ಮನಿತನದ ಮಕ್ಕಳು, ಕೈ ನಾಜೂಕು, ಅದಕ್ಕ ಹಿಂಗ ಅಂತ ಒಂದು ಕಾರಣ ಹುಡುಕಿ ಕೊಟ್ಟಿತು. ಮೊಮ್ಮಗಳಿಗೆ ಬುತ್ತಿ ಕೊಡಾಕ ಬಂದಿದ್ದ ಒಬ್ಬ ಅಜ್ಜ ಬಾಗಿಲದಾಗ ನಿಂತು ನೋಡಾಕತ್ತಿದ್ದ. ಗೊಂಬಿ ಮಾಡೋ ಅಜ್ಜ, ಉಗುರಿನ ಸಂದಿನಾಗೆಲ್ಲಾ ಹಸರು ಬಣ್ಣ. ಕುಂಚ ಹಿಡಿಯಾಕ ಎಷ್ಟು ಕಿಲೋ ಬೇಕವಾ ಅಂತ ನಗಿಚಾಟಿಕಿ ಮಾಡಿದ. ನಾನೂ ನಕ್ಕು ಮಷಿನ್ನ ಅವನ ಕೈಯಾಗ ಕೊಟ್ಟೆ. ಅವ ಹಿಂಡಲಿಲ್ಲ. ಕಣ್ಣಿನ ಹತ್ತಿರ ಹಿಡದು, ಸಂದಿನಾಗ ಉಗುರು ಹಾಕಿ ಕೆರದ. ಕೆಂಪನ್ನ ಪುಡಿ ಉದುರಿತು.

"ಇದಕ್ಕ ಬಣ್ಣ ಬಳದವರು ಯಾರವಾ? ಒಳಗ ಇಳದು ಒಣಗಿ ಕಲ್ಲಾಗೇತಿ ನೋಡು. ನಾವು ಗೊಂಬಿಗೆ ಬಣ್ಣ ಹಚ್ಚುವಾಗ ಕೈ ತಿರಗೋ ಸಂದು ಬಿಟ್ಟು ಹಚ್ಚತೀವಿ. ಇಲ್ಲಂದ್ರ ಕೈ ಏಳೂದ ಇಲ್ಲ."

ನನಗ ಮಹಾನವಮಿಯ ಕುಂಕುಮ ನೆನಪಾತು. ಖಾಜಾಸಾಬನ್ನ ಕಿರಾಣಿ ಅಂಗಡಿಗೆ ಓಡಿಸಿ ಹತ್ತು ಕಿಲೋ ತೂಕದ ಕಲ್ಲು ತರಿಸಿದೆ. ಅಲ್ಲೆ ಸಾಲಿಯ ಕಿಟಕಿ ಸರಳಿಗೆ ಮಷಿನ್ ಕಟ್ಟಿ ಕಲ್ಲು ತೂಗಬಿಟ್ಟೆ. ಮುಳ್ಳು ಆರಕ್ಕ ಬಂದು ನಿಂತಿತು. ಬೆರಳಿಲೆ ಬಡದು ನೋಡಿದೆ, ಆರು. ಅಜ್ಜ ಮನಿಗೆ ಹೋಗಿ ಒಂದು ಸಣ್ಣ ಕುಂಚ, ಚಿಮಣಿ ಎಣ್ಣಿ ತಂದು, ಕಟ್ಟಿ ಮ್ಯಾಲ ಕುಂತು ತಾಸೊತ್ತು ಅದರ ಸಂದಿ ತೊಳದ. ಎಷ್ಟು ಸಮಾಧಾನ ಇತ್ತು ಅವನ ಕೈಗೆ. ಮತ್ತ ಕಲ್ಲು ಕಟ್ಟಿದ್ವಿ, ಹತ್ತಕ್ಕ ನಿಂತಿತು. ಸುತ್ತ ನಿಂತ ಮಕ್ಕಳು ಚಪ್ಪಾಳಿ ಹೊಡದ್ವು. ನನಗ ಮಾತ್ರ ಲಂಗಕ್ಕ ಕೈ ಒರಿಸಿಕೊಂಡು ಹೋದ ಆ ಹುಡುಗಿ ಕಣ್ಣ ಮುಂದ ಬಂದ್ಲು.

ಜೀಪಿನಾಗ ಖಾಜಾಸಾಬ ಮೆಲ್ಲಕ ಹೇಳಿದ, ಯಾರಿಗೂ ಗೊತ್ತಿಲ್ಲಕ್ಕಾ, ಕಿನ್ನಾಳದವರನ್ನ ಇನ್ನೊಮ್ಮೆ ಅಳದುಬಿಡೂಣು, ಕುಷ್ಟಗಿ ಕಡೆಯ ಆ ಸಾಲಿಯವರದ್ದಕ್ಕ ಕಾಗದದ ಮ್ಯಾಲ ಒಂದಿಷ್ಟು ಕಿಲೋ ಕೂಡಿಸಿ ಬರದುಬಿಡು ಅಂತ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನ ಮ್ಯಾಲಿನ ಕಾಳಜಿಗೆ ಹೇಳಿದ. ನಾನೂ ಅರ್ಧ ದಾರಿ ಅದನ್ನ ವಿಚಾರ ಮಾಡಿದೆ. ವಹಿಯಾಗ ನನ್ನ ಸಹಿ ಇತ್ತಲ್ಲ. ಮೇಡಂ ಅದನ್ನ ನೋಡಿದ್ರ ನನ್ನನ್ನ ಆ ಕೆಲಸದಿಂದ ತಗದುಹಾಕತಾರ ಅನ್ನೋದರಾಗ ನನಗ ಅನುಮಾನ ಇರಲಿಲ್ಲ. ಆ ತಿರುಗಾಟ, ಆ ಮಕ್ಕಳನ್ನ ನಾ ಅಷ್ಟು ಹಚ್ಚಿಕೊಂಡಿದ್ದೆ, ಅದು ಹೋದ್ರ ಏನು ಮಾಡಲಿ?

ಆದ್ರ ಕಾಗದದ ಮ್ಯಾಲ ಕಿಲೋ ಕೂಡಿಸಿದ್ರ ಹುಲಿಗೆಮ್ಮಗ ಏನು ಬಂತು? ಸಂಜಿಗೆ ಮೇಡಂ ಮುಂದ ಹೋಗಿ ನಿಂತು ಎಲ್ಲಾ ಹೇಳಿದೆ. ಕುಂಕುಮದ್ದು ಹೇಳಿದೆ, ವಹಿದ್ದು ಹೇಳಿದೆ, ಒದರಿ ಹೇಳಿದ್ದು, ರೊಟ್ಟಿ ಮಾತು, ಎಲ್ಲಾ. ಮೇಡಂ ಬಯ್ಯಲಿಲ್ಲ. ಕೆಂಪು ಪೆನ್ನು ತಗದು ಆ ವಾರದ ಹಾಳಿ ಮ್ಯಾಲ ಒಂದೊಂದಾಗಿ ಗೆರಿ ಎಳದ್ರು. ಅದು ಮುಗಿಯೋ ತನಕ ನಾ ನಿಂತಿದ್ದೆ. ಬೈದಿದ್ರ ಆರಾಮ ಇರತಿತ್ತು.

"ನಾನು ಬರದುಕೊಡ್ತೀನ್ರಿ ಮೇಡಂ, ನಂದ ತಪ್ಪಂತ," ಅಂದೆ.

"ನನಗೆ ಆಮೇಲೆ ಬರೆದುಕೊಡಿ, ನೀಲಮ್ಮನವರೇ. ಮೊದಲು ಆ ಮಗುವಿಗೆ ಹೋಗಿ ಹೇಳಿ," ಅಂದ್ರು.

ಮರುದಿನ ಶನಿವಾರ, ಮುಂಜಾನಿ ಸಾಲಿ. ಪ್ರಾರ್ಥನಾಕ್ಕ ಮೊದಲ ಹೋಗಿ ಮುಟ್ಟಿದ್ವಿ. ಪಿಟಿ ಮಾಸ್ತರು ಸಿಕ್ರು. ಕೇಳಿದ್ರ, ಹುಲಿಗೆಮ್ಮನ ಹೆಸರು ಕಬಡ್ಡಿ ತಂಡದಿಂದ ಹೋಗೇ ಬಿಟ್ಟಿತ್ತು. ಹನ್ನೊಂದು ಕಿಲೋ ಕೈಯಾಕಿ ಎದುರಿನಾಕಿಯ ಕಾಲು ಹೆಂಗ ಹಿಡೀತಾಳ್ರಿ, ದವಾಖಾನಿಯವರ ಅಳದಿದ್ದು ಅಂದ್ರ ನಾನೇನು ಸುಳ್ಳ ಅನ್ನಲಿ ಅಂದ್ರು. ಅವರನ್ನ ಏನಂತ ಬಯ್ಯೋದು? ಅಷ್ಟ ಅಲ್ಲ. ಅಜ್ಜಿಗೆ ಸುದ್ದಿ ಮುಟ್ಟಿ, ಮೊಮ್ಮಗಳಿಗೆ ಒಳಜಡ್ಡು ಐತಿ ಅಂತ ಆಕಿ ಗಾಬರಿಯಾಗಿ, ತೋಳಿಗೆ ತಾಯತ ಕಟ್ಟಿಸಿದ್ಲಂತ. ಕೊಡ ಎತ್ತಬ್ಯಾಡ, ಆಡಾಕ ಹೋಗಬ್ಯಾಡ ಅಂತ ಸಾಲಿ ಬಿಟ್ಟ ಕೂಡಲೆ ಮನ್ಯಾಗ ಕುಂದರಿಸತಿದ್ಲಂತ. ಪ್ರಾರ್ಥನಾಕ್ಕ ಬಂದ ಹುಡುಗೀನ ನೋಡಿದೆ, ನಾಲ್ಕ ದಿನದಾಗ ಆಕಿ ಮಾರಿ ಖರೇನ ಜಡ್ಡಿನವರ ಮಾರಿ ಆಗಿತ್ತು.

ಪ್ರಾರ್ಥನಾ ಮುಗದ ಮ್ಯಾಲ ಎಲ್ಲಾ ಮಕ್ಕಳ ಮುಂದ ನಿಂತು ಹೇಳಿದೆ. ಜಡ್ಡು ಇದ್ದದ್ದು ನಿಮಗಲ್ಲ, ಮಷಿನ್ನಿಗೆ. ಅದಕ್ಕ ಜಡ್ಡು ಬರಿಸಿದಾಕಿ ನಾನು. ನೋಡದ ಸರಿ ಐತಿ ಅಂತ ಬರದಾಕಿನೂ ನಾನು. ಮ್ಯಾಲಾಗಿ ನಿಮ್ಮನ್ನ ನಕ್ಕಾಕಿನೂ ನಾನ. ಆಮ್ಯಾಲ ಅವರ ಮುಂದನ ಕಲ್ಲು ಕಟ್ಟಿ ತೂಗಬಿಟ್ಟೆ, ಮುಳ್ಳು ಎಲ್ಲಿ ನಿಂತೈತಿ ನೋಡ್ರಿ ಅಂತ ಒಬ್ಬೊಬ್ಬರನ್ನ ಕರದು ತೋರಿಸಿದೆ. ಹತ್ತು, ಹತ್ತು ಅಂತ ಮಕ್ಕಳು ಓದಿದ್ವು. ಮಂಗಳವಾರ ಅಳದವರೆಲ್ಲಾ ಮತ್ತ ಸಾಲು ಹಚ್ಚಿದ್ರು. ಹುಲಿಗೆಮ್ಮ ಆ ಸಾಲಿನಾಗ ನಿಂದರಲಿಲ್ಲ. ಹಿಂದ ಗ್ವಾಡಿಗೆ ಆತಕೊಂಡು ನಿಂತಿದ್ಲು, ಕೈ ಎರಡೂ ಬೆನ್ನ ಹಿಂದ.

ನಾನ ಹೋಗಿ ಆಕಿ ಮುಂದ ಕುಕ್ಕರಗಾಲಲೆ ಕುಂತೆ.

"ಮತ್ತ ಹನ್ನೊಂದ ಬಂದ್ರ?" ಅಂತ ಕೇಳಿದ್ಲು.

ಇಪ್ಪತ್ತು ಬರತೈತಿ ಬಾ ಮಗಳ ಅಂತ ಹೇಳಾಕ ನಾಲಿಗಿ ತುದಿಗೆ ಬಂದಿತ್ತು. ಹೇಳಲಿಲ್ಲ. ನನಗೇನು ಗೊತ್ತು ಎಷ್ಟು ಬರತೈತಿ ಅಂತ? ಒಮ್ಮೆ ನೋಡದ ಬರದು ಕೆಟ್ಟಿದ್ದೆ, ಈಗ ನೋಡದ ಹೇಳಿ ಕೆಡಬೇಕೇನು?

"ಬಂದ್ರ ಹನ್ನೊಂದ ಬರಕೋತೀನವಾ. ಆದ್ರ ಈ ಸಲ ಅದು ಖರೇ ಹನ್ನೊಂದು ಇರತೈತಿ. ಮಾಸ್ತರಿಗೂ ಹೇಳೂದಿಲ್ಲ, ಯಾರಿಗೂ ಹೇಳೂದಿಲ್ಲ. ನೀನ ಮುಳ್ಳು ನೋಡು, ನೀನ ಹೇಳು ಅಂದ್ರ ಹೇಳತೀನಿ."

ಬೆನ್ನ ಹಿಂದಿನ ಕೈ ಮುಂದ ತಂದ್ಲು. ಆಮ್ಯಾಲ ಬಂದು ಸ್ಟೂಲಿನ ಮ್ಯಾಲ ಕುಂತ್ಲು. ತಾಯತದ ದಾರ ಮೊಣಕೈ ಮ್ಯಾಲ ಬಿಗಿಯಾಗಿತ್ತು, ಅದನ್ನ ಒಂಚೂರು ಮ್ಯಾಲ ಸರಿಸಿದೆ. ಹಿಡಿ ಅಂದೆ. ಗಟ್ಟಿ ಹಿಡಿ. ಇನ್ನೂ ಗಟ್ಟಿ. ಎಲ್ಲಾರಿಗೂ ಹೇಳೋ ದನಿಯಾಗ ಹೇಳಿದೆ, ದನಿ ಒಂದ ಸಮ ಇಡೂದು ಅವತ್ತಿನಷ್ಟು ಕಷ್ಟ ಯಾವತ್ತೂ ಆಗಿಲ್ಲ. ಬಿಡು ಅಂದೆ. ಆಕಿ ಬಿಟ್ಟು, ತಾನ ಬಗ್ಗಿ ಮುಳ್ಳು ನೋಡಿದ್ಲು. ಎರಡನೇ ಸಲ ನೋಡಿದ್ಲು. ಮೂರನೇ ಸಲ ನೋಡಿದ ಮ್ಯಾಲ ತಲಿ ಎತ್ತಿ, ಬಾಗಿಲದಾಗ ನಿಂತ ಮಾಸ್ತರಿಗೆ ಕೇಳೋ ಹಂಗ, ಹತ್ತೊಂಬತ್ತು ಅಂದ್ಲು.

ಹತ್ತೊಂಬತ್ತು ಅಂದ್ರ ದೊಡ್ಡದೇನಲ್ಲ. ಆ ವಯಸ್ಸಿನ ಹುಡುಗಿಗೆ ಎಷ್ಟಿರಬೇಕೋ ಅಷ್ಟ. ಮೇಡಂ ಭಾಷಾದಾಗ ಹೇಳೂದಾದ್ರ ಸಾಮಾನ್ಯ. ಆ ಸಾಮಾನ್ಯಕ್ಕ ನಾನು ಅವತ್ತು ಸಾಲಿಯ ಗ್ವಾಡಿ ಕಡೆ ಮಾರಿ ಮಾಡಿ ಸೆರಗಿಲೆ ಕಣ್ಣು ಒರಿಸಿಕೊಂಡೆ. ಮಾಸ್ತರು ತಮ್ಮ ಚೀಟಿ ಹರದು ಕಿಸೆದಾಗ ಹಾಕಿಕೊಂಡ್ರು. ಅಜ್ಜಿ ಮನಿಗೆ ನಾನೂ ಮಾಸ್ತರೂ ಕೂಡಿ ಹೋದ್ವಿ. ಅಜ್ಜಿ ನನ್ನನ್ನ ಕಟ್ಟಿ ಮ್ಯಾಲ ಕುಂದರಿಸಿ, ಮಂಡಾಳ ಚುರುಮುರಿಗೆ ಒಗ್ಗರಣಿ ಹಾಕಿ ಕೊಟ್ಟು, ತಿಂದು ಮುಗಿಯೋ ತನಕ ಸುಮ್ಮನಿದ್ದು, ಆಮ್ಯಾಲ ಮನಸ್ಸು ತುಂಬ ಬೈದ್ಲು. ತಾಯತ ಮಾತ್ರ ಬಿಚ್ಚೂದಿಲ್ಲ, ಇರಲಿ, ಆಡುವಾಗ ಕಾಯತೈತಿ ಅಂದ್ಲು.

ಸೋಮವಾರ ತಂಡ ಕೊಪ್ಪಳಕ್ಕ ಬಂತು. ದವಾಖಾನಿಯಿಂದ ಅರ್ಧ ದಿನ ರಜಾ ಹಾಕಿ ನೋಡಾಕ ಹೋಗಿದ್ದೆ. ಎರಡನೇ ಆಟಕ್ಕ ಸೋತ್ರು. ಹುಲಿಗೆಮ್ಮ ಇಬ್ಬರನ್ನ ಹಿಡದು ಹಾಕಿದ್ಲು, ಮೂರನೇದಾಕಿ ಜಾರಿಕೊಂಡು ಹೋದ್ಲು. ಮಣ್ಣು ಮೆತ್ತಿದ ಮಾರಿಲೆ ಬಂದು, ಕೊಪ್ಪಳದ ಗುಡ್ಡದ ಮ್ಯಾಲಿನ ಕ್ವಾಟಿ ಎಲ್ಲಿಂದ ಕಾಣತೈತ್ರಿ ಅಂತ ಕೇಳಿದ್ಲು. ತೋರಿಸಿದೆ.

ಮೇಡಂ ನನ್ನನ್ನ ತಗದುಹಾಕಲಿಲ್ಲ. ನಾ ಬರದುಕೊಟ್ಟ ಚೀಟಿನ ವಹಿಯಾಗ ಅದ ಸೋಮವಾರದ ಹಾಳಿಗೆ ಹಚ್ಚಿಟ್ರು, ಮುಂದ ಬಂದವರೆಲ್ಲಾ ಓದಲಿ ಅಂತ. ಆಮ್ಯಾಲ ಎರಡು ಪದ್ಧತಿ ಬದಲಾದ್ವು. ಕಲ್ಲು ಕಟ್ಟಿ ನೋಡೂದು ಸೋಮವಾರಕ್ಕಲ್ಲ, ದಿನಾ ಮುಂಜಾನಿ, ಮಕ್ಕಳ ಕಣ್ಣೆದುರಿಗೆ. ಬಂದ ಕಿಲೋ ಬಾಯಿಲೆ ಹೇಳೂದಿಲ್ಲ, ಬರದು ಹಾಳಿ ಬೋರಲು ಹಾಕೂದು. ಮುಂದ ಎಣ್ಣಿ ಒತ್ತಡದ ಮಷಿನ್ ಬಂತು, ಈಗ ಅಂಕಿ ಮೂಡೋ ಬ್ಯಾಟರಿ ಮಷಿನ್ ಬಂದೈತಿ. ಛಲೋ ಅದಾವ. ಮುಳ್ಳು ಏರೂದನ್ನ ನೋಡೋವಾಗ ಹುಡುಗರ ಕಣ್ಣು ಅಗಲ ಆಗತಿತ್ತು, ಅದು ಈಗ ಇಲ್ಲ, ಅಷ್ಟ. ಮನಿಗೆ ಬಂದ ಆ ಇಬ್ಬರು ಹುಡುಗ್ಯಾರಿಗೆ ಹೇಳಿದೆ, ಮಹಾನವಮಿಗೆ ಪೂಜಿ ಮಾಡ್ರವಾ, ಬಿಡಬ್ಯಾಡ್ರಿ, ಆದ್ರ ಕುಂಕುಮ ಪೆಟಗಿಗೆ ಹಚ್ಚರಿ ಅಂತ. ಮಕ್ಕಳನ್ನ ನಗಿಸ್ರಿ, ಮಕ್ಕಳನ್ನ ನಗಬ್ಯಾಡ್ರಿ ಅಂತಲೂ ಹೇಳೀನಿ.

ಹೋದ ವರ್ಷ ಬಚ್ಚಲದಾಗ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರೀತು. ಪ್ಲಾಸ್ಟರ್ ತಗದ ಮ್ಯಾಲ ನಾ ಕೆಲಸ ಮಾಡಿದ ಖೋಲ್ಯಾಗ ನಾನ ಸ್ಟೂಲಿನ ಮ್ಯಾಲ ಕುಂತು ಹಿಂಡಿದೆ. ಒಂಬತ್ತು. ಅಲ್ಲಿನ ಹುಡುಗಿ ಬಾಯಿಲೆ ಹೇಳಲಿಲ್ಲ, ಹಾಳಿ ಬೋರಲು ಹಾಕಿದ್ಲು. ನಾನ ಕದ್ದು ನೋಡಿದೆ.

ಅದಾಗಿ ಸ್ವಲ್ಪ ದಿನಕ್ಕ ಸಂಬಂಧಿಕರ ಮನಿಗೆ ಹೋಗಿ, ಕೊಪ್ಪಳಕ್ಕ ಹೊಳ್ಳಿ ಬರಾಕ ಕುಷ್ಟಗಿ ಸ್ಟ್ಯಾಂಡಿನಾಗ ನಿಂತಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮ್ಯಾಲ ಆ ಗದ್ದಲ ಕೇಳಬ್ಯಾಡ್ರಿ. ಎಡಗೈಯಾಗ ಚೀಲ, ಬಲಗೈಲೆ ಬಾಗಿಲದ ಸರಳು ಹಿಡದ್ರ ಬೆರಳು ಬಿಚ್ಚಿಕೊಂಡು ಬಿಡತಿದ್ವು. ಎರಡು ಸಲ ಕಾಲಿಟ್ಟು ಕೆಳಗ ಇಳದೆ. ಮೂರನೇ ಸಲ, ಈ ಬಸ್ಸು ಬಿಟ್ರಾತು ಅಂತ ಹಿಂದ ಸರಿಯೂದರಾಗ ಮ್ಯಾಲಿಂದ ಖಾಕಿ ಅಂಗಿಯ ಒಂದು ಕೈ ಕೆಳಗ ಬಂತು. ಕಂಡಕ್ಟರ್ ಕೈ. ಬಳಿ ಇರಲಿಲ್ಲ, ಗಡಿಯಾರ ಇತ್ತು. ಆ ಕೈ ನನ್ನ ಮುರದ ಮಣಿಕಟ್ಟು ಬಿಟ್ಟು, ಅದರ ಮ್ಯಾಲ ಮೊಣಕೈ ಹತ್ತಿರ ಹಿಡೀತು.

"ಹಿಡೀರಿ," ಅಂದ್ಲು. "ಗಟ್ಟಿ ಹಿಡೀರಿ. ಇನ್ನೂ ಗಟ್ಟಿ."

ಒಂದ ದನಿ, ಏರಿಲ್ಲ ಇಳಿವಿಲ್ಲ. ಎಳದ ರಭಸಕ್ಕ ನನ್ನ ಕಾಲು ಮೆಟ್ಟಲ ಮುಟ್ಟಿದ್ದೂ ಗೊತ್ತಾಗಲಿಲ್ಲ, ಒಳಗಿದ್ದೆ. ತಲಿ ಎತ್ತಿ ನೋಡಿದೆ. ತೆಳ್ಳಗ, ಕಪ್ಪಗ, ನಗಾಕತ್ತಿದ್ಲು. ತೋಳು ಮಡಚಿದ ಅಂಗಿ ಕೆಳಗ ತಾಯತದ ಕರೇ ದಾರ ಕಾಣತಿತ್ತು.

"ಬಿಡ್ರಿ ಇನ್ನ, ಹಿಂಡೋ ಅಕ್ಕಾರ," ಅಂದ್ಲು ಹುಲಿಗೆಮ್ಮ.

ನಾ ಬಿಡಲಿಲ್ಲ.